ವಾರಂಟಿ ಅವಧಿಯಲ್ಲೇ ಪಿಕಪ್ ಎಂಜಿನ್ ಕೆಟ್ಟರೆ

ಹಾಲಾಡಿ ನಾಲ್ಕು ಕಡೆಯ ದಾರಿ ಕೂಡುವ ಊರು. ಕೋಟೇಶ್ವರದಿಂದ ಬಂದ ರಸ್ತೆ ಇಲ್ಲಿಂದ ಶಂಕರನಾರಾಯಣ, ಸಿದ್ದಾಪುರದ ಕಡೆಗೂ ಅಮಾಸೆಬೈಲಿನ ಕಡೆಗೂ ಬಿದ್ಕಲ್‌ಕಟ್ಟೆಯ ಕಡೆಗೂ ಹೋಗುತ್ತದೆ. ಅಡಿಕೆ, ತೆಂಗಿನಕಾಯಿ, ರಬ್ಬರ್ ಶೀಟು, ಗೇರುಬೀಜ ಎಲ್ಲವೂ ಇದೇ ದಾರಿಯಲ್ಲಿ ಪೇಟೆ ಸೇರಬೇಕು. ಬೈಹುಲ್ಲು ಬೇಕಾದರೆ ಬಾಳೆಬರೆ ಘಾಟಿಯ ಮೇಲಿಂದ ಬರಬೇಕು. ಹಿಂದೆ ಇದಕ್ಕೆಲ್ಲ ಬಾಡಿಗೆ ಲಾರಿಯನ್ನು ಕಾಯುತ್ತಿದ್ದೆವು. 2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದ ಮೇಲೆ ಸಣ್ಣ ಸರಕು ವಾಹನಗಳ ಕಾಲ ಶುರುವಾಯಿತು. ಈಗ ಹಳ್ಳಿಹಳ್ಳಿಯಲ್ಲಿ ಪಿಕಪ್ ಇದೆ, ಹೆಚ್ಚಿನವು ಸಾಲದ ಮೇಲೆ ಕೊಂಡವು.

ಈ ಸಾಲದ ಮಾತನ್ನು ಮೊದಲೇ ಎತ್ತಲು ಕಾರಣವಿದೆ. ಎಂಜಿನ್ ಜಾಮ್ ಆಗಿ ವಾಹನ ವರ್ಕ್‌ಶಾಪಿನಲ್ಲಿ ಎರಡು ತಿಂಗಳು ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ, ವಿಮೆಯ ದಿನಗಳೂ ಓಡುತ್ತಿರುತ್ತವೆ. ಅಡಿಕೆ ಕೊಯ್ಲಿನ ಹೊತ್ತಿಗೇ ಹೀಗಾದರೆ ಬಾಡಿಗೆ ವಾಹನಕ್ಕೂ ಕೈಯಿಂದ ಹಣ ಹಾಕಬೇಕು. "ವಾರಂಟಿ ಇದೆಯಲ್ಲ" ಎಂಬ ಧೈರ್ಯ ಆಗ ಸಾಲದು. ವಾರಂಟಿ ಎಂಬುದು ಷರತ್ತುಗಳಿರುವ ಒಂದು ಕರಾರು. ಎಂಜಿನ್ ನಿಂತ ಮೊದಲ ದಿನ ನೀವು ಏನು ಮಾಡುತ್ತೀರಿ, ಏನನ್ನು ಬರೆಯಿಸಿಕೊಳ್ಳುತ್ತೀರಿ ಎಂಬುದರ ಮೇಲೆ ಅದರ ಫಲ ಬಹುಮಟ್ಟಿಗೆ ನಿಂತಿದೆ.

ನಿಂತಲ್ಲೇ ಮಾಡಬೇಕಾದದ್ದು

ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆಯ ಡಬ್ಬಿಯ ಗುರುತಿನ ಕೆಂಪು ದೀಪ ಹೊತ್ತಿತೆಂದರೆ ಆಯಿಲ್ ಒತ್ತಡ ಬಿದ್ದಿದೆ ಎಂದು ಅರ್ಥ. ಸುರಕ್ಷಿತ ಜಾಗ ಸಿಕ್ಕಿದೊಡನೆ ನಿಲ್ಲಿಸಿ, ಎಂಜಿನನ್ನು ಆ ಕ್ಷಣವೇ ಬಂದ್ ಮಾಡಿರಿ. "ಹೇಗೂ ಸಿದ್ದಾಪುರ ಹತ್ತಿರವೇ ಇದೆ, ಅಲ್ಲಿವರೆಗೆ ಹೋಗೋಣ" ಎಂಬ ಲೆಕ್ಕಾಚಾರ ಬೇಡ. ಎಣ್ಣೆಯಿಲ್ಲದೆ ತಿರುಗಿದ ಎಂಜಿನಿನ ಬೇರಿಂಗು ಕೆಲವೇ ನಿಮಿಷಗಳಲ್ಲಿ ಹೋಗುತ್ತದೆ. ಬಿಸಿಯ ಮುಳ್ಳು ಮೇಲೇರಿದರೂ ವಾಹನ ನಿಲ್ಲಿಸಲೇಬೇಕು. ಆದರೆ ರೇಡಿಯೇಟರಿನ ಮುಚ್ಚಳವನ್ನು ಬಿಸಿಯಿರುವಾಗ ತೆರೆಯಬಾರದು, ತಣ್ಣೀರು ಸುರಿಯಬಾರದು. ಒಳಗಿನ ಆವಿ ಮುಖಕ್ಕೇ ಹಾರುತ್ತದೆ. ಕಾದ ಲೋಹಕ್ಕೆ ತಣ್ಣೀರು ಬಿದ್ದರೆ ಸಿಲಿಂಡರ್ ಹೆಡ್ಡಿನಲ್ಲಿ ಬಿರುಕು ಬಿಡುವ ಸಂಭವವೂ ಇದೆ.

ಆಮೇಲೆ ಮೊಬೈಲಿನಲ್ಲಿ ಕೆಲವು ಚಿತ್ರ ತೆಗೆಯಿರಿ: ಓಡಿದ ಕಿಲೋಮೀಟರು, ಹೊತ್ತಿರುವ ದೀಪಗಳು, ನೆಲಕ್ಕೆ ಸೋರಿದ್ದರೆ ಆ ಜಾಗ, ವಾಹನದಲ್ಲಿರುವ ಹೇರು. ಡಿಪ್‌ಸ್ಟಿಕ್ ಎಳೆದು ಎಣ್ಣೆಯ ಮಟ್ಟದ ಚಿತ್ರವನ್ನೂ ತೆಗೆದಿಡಿರಿ. ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಅದರಲ್ಲಿ ನೀರು ಬೆರೆತಿದೆ. ನಿಲ್ಲುವ ಮೊದಲು ಬಿಳಿ ಹೊಗೆ ದಟ್ಟವಾಗಿ ಬಂದಿದ್ದರೆ ಕೂಲೆಂಟ್ ಸಿಲಿಂಡರಿಗೆ ಹೋಗಿರುವ ಸಾಧ್ಯತೆ ಹೆಚ್ಚು. ನೀಲಿ ಹೊಗೆ ಎಣ್ಣೆ ಉರಿಯುತ್ತಿರುವುದರ ಗುರುತು. ಕಂಡದ್ದನ್ನು, ಕೇಳಿದ ಶಬ್ದವನ್ನು ಅಂದೇ ಒಂದು ಕಾಗದದಲ್ಲಿ ಬರೆದಿಡಿರಿ. ಮೂರು ತಿಂಗಳ ಮೇಲೆ ನೆನಪು ಮಸುಕಾಗುತ್ತದೆ.

ನಮ್ಮ ಕಡೆ ಹೆಚ್ಚಾಗಿ ಎಡವುವುದು ಇನ್ನೊಂದು ವಿಷಯದಲ್ಲಿ. ವಾಹನ ನಿಂತೊಡನೆ ಪರಿಚಯದ ಮೆಕ್ಯಾನಿಕ್ಕನ್ನು ಕರೆಯುವುದು ರೂಢಿ. ಆತ ಒಳ್ಳೆಯ ಕೆಲಸಗಾರನೇ ಇರಬಹುದು. ಆದರೆ ವಾರಂಟಿ ಇರುವ ಎಂಜಿನಿನ ಒಂದು ಬೋಲ್ಟನ್ನೂ ಆತ ಬಿಚ್ಚಬಾರದು. ಹೊರಗಿನವರು ಕೈಯಾಡಿಸಿದ್ದಾರೆಂಬ ಒಂದೇ ಕಾರಣ ಸಾಕು, ಕಂಪೆನಿ ನಿಮ್ಮ ಬೇಡಿಕೆಯನ್ನು ತಳ್ಳಿಹಾಕಬಹುದು. ಮುಂಗಾಜಿನ ಮೇಲಿನ ಸ್ಟಿಕ್ಕರಿನಲ್ಲೋ ಸರ್ವಿಸ್ ಪುಸ್ತಕದಲ್ಲೋ ಕಂಪೆನಿಯ ತುರ್ತು ಸಹಾಯದ ನಂಬರು ಇರುತ್ತದೆ. ಅದಕ್ಕೆ ಫೋನು ಮಾಡಿ, ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳಿರಿ. ಅಮಾಸೆಬೈಲಿನ ಒಳದಾರಿಯಲ್ಲಿ ಸಿಗ್ನಲ್ ಸಿಗದಿದ್ದರೆ ಸಿಗುವಲ್ಲಿಗೆ ಹೋಗಿ ಮಾಡಿರಿ. ಎಷ್ಟು ಹೊತ್ತಿಗೆ ಕರೆ ಮಾಡಿದಿರಿ ಎಂಬುದು ಫೋನಿನಲ್ಲೇ ದಾಖಲಾಗಿರುತ್ತದೆ.

ಮಳೆಗಾಲದ ಮಾತೇ ಬೇರೆ

ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಜಿಲ್ಲೆ ನಮ್ಮದು. ವಾರಾಹಿ ತುಂಬಿ ಬಂದಾಗ ತಗ್ಗಿನ ದಾರಿಗಳಲ್ಲಿ ಮೊಣಕಾಲುದ್ದ ನೀರು ನಿಲ್ಲುವುದು ಹೊಸತಲ್ಲ. ಅಂಥ ನೀರಿಗೆ ವಾಹನ ಇಳಿಸಿದಾಗ ಏರ್ ಫಿಲ್ಟರಿನ ಬಾಯಿಯಿಂದ ನೀರು ಸಿಲಿಂಡರಿಗೆ ಹೋದರೆ ಏನಾಗುತ್ತದೆಂದು ತಿಳಿದಿರಬೇಕು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲು ಬರುವುದಿಲ್ಲ. ಮೇಲೆ ಬಂದ ಪಿಸ್ಟನ್ ನೀರಿಗೆ ಹೊಡೆದು ಕನೆಕ್ಟಿಂಗ್ ರಾಡ್ ಬಾಗುತ್ತದೆ, ಕೆಲವೊಮ್ಮೆ ಮುರಿದು ಬ್ಲಾಕನ್ನೇ ತೂತು ಮಾಡುತ್ತದೆ. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಕೀಲಿ ತಿರುಗಿಸಲೇಬೇಡಿರಿ. ನಾಲ್ಕು ಜನ ಸೇರಿ ದಬ್ಬಿ ಮೇಲೆ ತನ್ನಿರಿ, ಗೇರಿನಲ್ಲಿಟ್ಟು ದಬ್ಬಿ ಸ್ಟಾರ್ಟ್ ಮಾಡುವ ಪ್ರಯತ್ನವೂ ಬೇಡ.

ಈ ಬಗೆಯ ಹಾನಿ ತಯಾರಿಕೆಯ ದೋಷವಲ್ಲ, ವಾರಂಟಿಯಲ್ಲಿ ಬರುವುದಿಲ್ಲ. ವಿಮೆಯಲ್ಲಿ ಬರುತ್ತದೆಯೇ? ಮಾಮೂಲು ಸಮಗ್ರ ವಿಮೆ ನೆರೆಯ ಹಾನಿಯನ್ನು ಒಪ್ಪಿಕೊಂಡರೂ, ನೀರಿನಲ್ಲಿ ಮತ್ತೆ ಸ್ಟಾರ್ಟ್ ಮಾಡಿದ್ದರಿಂದ ಆದ ಎಂಜಿನಿನ ಹಾನಿಯನ್ನು ಅದರಿಂದ ಹೊರಗಿಡುವುದು ಸಾಮಾನ್ಯ. ಹೆಚ್ಚಿನ ಕಂತು ಕಟ್ಟಿದರೆ ಎಂಜಿನ್ ರಕ್ಷಣೆಯ ಸೌಲಭ್ಯ ಕೊಡುವ ಪಾಲಿಸಿಗಳಿವೆ. ನಿಮ್ಮ ಪಿಕಪ್ಪಿಗೆ ಅದು ಸಿಗುತ್ತದೆಯೇ ಎಂದು ಮೇ ತಿಂಗಳೊಳಗೆ ವಿಚಾರಿಸಿರಿ. ವಾರಂಟಿಯ ಕೆಲಸವೇ ಒಂದು, ವಿಮೆಯ ಕೆಲಸವೇ ಇನ್ನೊಂದು. ಯಾವ ಬಾಗಿಲು ತಟ್ಟಬೇಕೆಂದು ಗೊತ್ತಿಲ್ಲದೆ ಎರಡೂ ಕಡೆ ದಿನ ಕಳೆದುಕೊಳ್ಳುವವರಿದ್ದಾರೆ.

ವರ್ಕ್‌ಶಾಪಿನಲ್ಲಿ

ವಾಹನ ಒಪ್ಪಿಸುವಾಗ ಕೊಡುವ ಜಾಬ್ ಕಾರ್ಡು ಇಡೀ ವ್ಯವಹಾರದ ಬೇರು. "ಎಂಜಿನ್ ಚೆಕಪ್" ಎಂದಷ್ಟೇ ಬರೆದರೆ ಒಪ್ಪಬೇಡಿರಿ. "ಇಂಥ ದಿನ, ಇಷ್ಟು ಕಿಲೋಮೀಟರಿಗೆ, ಓಡುತ್ತಿರುವಾಗ ಎಂಜಿನ್ ನಿಂತಿದೆ, ಮತ್ತೆ ತಿರುಗುತ್ತಿಲ್ಲ" ಎಂದು ಕನ್ನಡದಲ್ಲಾದರೂ ಸರಿ, ಬರೆಯಿಸಿ, ಠಸ್ಸೆ ಹಾಕಿಸಿ ಪ್ರತಿ ಪಡೆಯಿರಿ.

ಮುಂದಿನ ಹಂತ ಎಂಜಿನ್ ಬಿಚ್ಚುವುದು. ಅದಕ್ಕೆ ನಿಮ್ಮ ರುಜು ಕೇಳುತ್ತಾರೆ. ಆ ಕಾಗದದ ಸಣ್ಣ ಅಕ್ಷರಗಳಲ್ಲಿ, ವಾರಂಟಿ ಒಪ್ಪಿಗೆಯಾಗದಿದ್ದರೆ ಬಿಚ್ಚಿದ ಕೂಲಿ ಮತ್ತು ರಿಪೇರಿಯ ಖರ್ಚು ಮಾಲೀಕನದು ಎಂದು ಇರಬಹುದು. ಓದಿಸಿ ಕೇಳಿರಿ. ಬಿಚ್ಚುವ ಕೂಲಿ ಎಷ್ಟೆಂದು ಅಲ್ಲೇ ಬರೆಯಿಸಿರಿ. "ನನ್ನ ಸಮಕ್ಷಮ ಬಿಚ್ಚಬೇಕು, ಹಳೆಯ ಭಾಗಗಳನ್ನು ತೀರ್ಮಾನವಾಗುವವರೆಗೆ ಕಾದಿಡಬೇಕು" ಎಂಬ ಒಂದು ಸಾಲನ್ನು ರುಜುವಿನ ಮೇಲೆ ನೀವೇ ಸೇರಿಸಿರಿ. ಎಣ್ಣೆಯ, ಡೀಸೆಲಿನ ಮಾದರಿಯನ್ನು ಮೊಹರು ಮಾಡಿ ತೆಗೆದಿರಿಸಲು ಕೇಳಿರಿ. ಕಲಬೆರಕೆ ಡೀಸೆಲಿನಿಂದ ಹೋಯಿತು ಎಂಬ ವಾದ ಮುಂದೆ ಬಂದರೆ ಆ ಮಾದರಿಯೇ ಉತ್ತರ.

2020ರ ಏಪ್ರಿಲ್ 1ರಿಂದ ಮಾರಾಟವಾಗುವ ಬಿ.ಎಸ್. 6 ವಾಹನಗಳಲ್ಲಿ ಎಂಜಿನನ್ನು ಆಳುವುದು ಒಂದು ಪುಟ್ಟ ಕಂಪ್ಯೂಟರು. ಸ್ಕ್ಯಾನರ್ ಜೋಡಿಸಿದರೆ ಅದು ದಾಖಲಿಸಿಕೊಂಡ ದೋಷದ ಸಂಕೇತಗಳು ಹೊರಬರುತ್ತವೆ. ಎಂಜಿನ್ ಅತಿಯಾಗಿ ಕಾದಿತ್ತೇ ಎಂಬಂಥ ಪ್ರಶ್ನೆಗೆ ಅದರಲ್ಲಿ ಸುಳಿವು ಸಿಗಬಹುದು. ಅಳಿಸುವ ಮುಂಚೆ ಅದರ ಪ್ರತಿ ನಿಮಗೆ ಬೇಕು. ಅದರಲ್ಲಿರುವುದು ನಿಮ್ಮ ಪರವೋ ವಿರುದ್ಧವೋ, ಮೊದಲು ಗೊತ್ತಾದರೆ ಒಳ್ಳೆಯದೇ.

ವಾರಂಟಿಯನ್ನು ಒಪ್ಪುವುದು ಬಿಡುವುದು ಹೆಚ್ಚಾಗಿ ಡೀಲರನ ಕೈಯಲ್ಲಿಲ್ಲ. ಅವನು ಚಿತ್ರ, ವರದಿಗಳನ್ನು ಕಂಪೆನಿಗೆ ಕಳಿಸುತ್ತಾನೆ, ಅಲ್ಲಿಯ ಎಂಜಿನಿಯರು ಹೇಳಬೇಕು. ಆದ್ದರಿಂದ ಕೌಂಟರಿನಲ್ಲಿ ಕುಳಿತ ಹುಡುಗನ ಮೇಲೆ ಹಾರಾಡಿ ಪ್ರಯೋಜನವಿಲ್ಲ. ಏನೇ ಹೇಳಿದರೂ "ಅದನ್ನು ಇ-ಮೇಲಿನಲ್ಲೋ ಕಾಗದದಲ್ಲೋ ಕೊಡಿ" ಎಂದು ಸಮಾಧಾನದಿಂದ ಹೇಳಿರಿ. ನಿರಾಕರಣೆಯಾದರೆ ಕಾರಣ ಸಹಿತ ಲಿಖಿತವಾಗಿಯೇ ಬೇಕು.

ನಿರಾಕರಣೆಗೆ ಕೊಡುವ ಕಾರಣಗಳು ಸಾಮಾನ್ಯವಾಗಿ ಇವೇ: ಸರ್ವಿಸ್ ತಪ್ಪಿದೆ, ಹೇರು ಹೆಚ್ಚಾಗಿದೆ, ಧೂಳು ಒಳಹೋಗಿದೆ, ಕೂಲೆಂಟ್ ಬದಲು ಬರಿ ನೀರು ಹಾಕಲಾಗಿದೆ. ಸರ್ವಿಸಿನ ಬಿಲ್ಲುಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನ ಮಾಡಿರಿ. ಕಿಲೋಮೀಟರು ಆಗದಿದ್ದರೂ ತಿಂಗಳ ಲೆಕ್ಕದಲ್ಲಿ ಸರ್ವಿಸ್ ಮಾಡಿಸಬೇಕೆಂಬ ಷರತ್ತು ಪುಸ್ತಕದಲ್ಲಿರುತ್ತದೆ. ಕೃಷಿಕರು ತಪ್ಪುವುದು ಇಲ್ಲೇ, ಮಳೆಗಾಲದಲ್ಲಿ ವಾಹನ ಕೊಟ್ಟಿಗೆಯಲ್ಲಿ ನಿಂತಿರುತ್ತದೆ. ಹೇರಿನ ವಿಷಯವನ್ನು ಬಿಚ್ಚಿ ಹೇಳಬೇಕು. ಆರ್.ಸಿ. ಪುಸ್ತಕದಲ್ಲಿ ಬರೆದ ತೂಕಕ್ಕೂ ನಾವು ಹೇರುವ ಮುರಕಲ್ಲಿಗೂ ಸಂಬಂಧವೇ ಇರುವುದಿಲ್ಲ. ಒಮ್ಮೆ ತುಂಬಿದ ವಾಹನವನ್ನು ವೇಬ್ರಿಜ್ ಹತ್ತಿಸಿ ನೋಡಿರಿ, ಆಮೇಲೆ ಕಂಪೆನಿಯನ್ನು ಬೈಯೋಣ. ಬಾಳೆಬರೆಯ ತಿರುವುಗಳಲ್ಲಿ ಅಂಥ ಹೇರನ್ನು ಎಳೆದ ಎಂಜಿನಿಗೆ ತಯಾರಿಕೆಯ ದೋಷ ಹೊರಿಸುವುದು ಕಷ್ಟ. ಹೇರು ಮಿತಿಯಲ್ಲಿದ್ದರೂ ಘಾಟಿ ಹತ್ತಿದ ಮೇಲೆ ಒಂದೆರಡು ನಿಮಿಷ ಎಂಜಿನ್ ಸುಮ್ಮನೆ ಓಡಲು ಬಿಟ್ಟು ಬಂದ್ ಮಾಡಿರಿ, ಕಾದ ಟರ್ಬೊ ತಣಿಯಲಿ.

ಇನ್ನೊಂದು ವಿಷಯದಲ್ಲಿ ಆಸೆ ಮಿತಿಯಲ್ಲಿರಲಿ. "ಹೊಸ ಗಾಡಿಯೇ ಕೊಡಬೇಕು" ಎಂದು ಹಟ ಹಿಡಿಯುವವರುಂಟು. 2006ರಲ್ಲಿ ಮಾರುತಿ ಉದ್ಯೋಗ್ ಮತ್ತು ಸುಶೀಲ್ ಕುಮಾರ್ ಗಬ್ಗೋತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವಾರಂಟಿಯ ಕರಾರು ಕೆಟ್ಟ ಭಾಗವನ್ನು ದುರಸ್ತಿ ಮಾಡುವುದಕ್ಕೆ ಅಥವಾ ಬದಲಿಸುವುದಕ್ಕೆ ಮಾತ್ರ ಬದ್ಧವಾಗಿದೆ ಎಂದು ಹೇಳಿ, ಇಡೀ ಕಾರನ್ನು ಬದಲಿಸಬೇಕೆಂಬ ಆದೇಶವನ್ನು ಒಪ್ಪಲಿಲ್ಲ. ಎಂಜಿನ್ ಸರಿಯಾಗಿ ಬೇಕು, ತಡವಾದುದಕ್ಕೆ ಪರಿಹಾರ ಬೇಕು ಎಂಬುದು ನಿಲ್ಲುವ ಬೇಡಿಕೆ. ಬಾಡಿಗೆ ವಾಹನಕ್ಕೆ ಕೊಟ್ಟ ಹಣದ ರಸೀದಿಗಳನ್ನು ಇದಕ್ಕಾಗಿಯೇ ಕೂಡಿಡಿರಿ. ಜಾಬ್ ಕಾರ್ಡಿನ ಪ್ರತಿಯೊಂದಿಗೆ ಸಾಲ ಕೊಟ್ಟ ಬ್ಯಾಂಕಿಗೂ ಒಂದು ಅರ್ಜಿ ಬರೆಯಿರಿ. ಕಂತು ಮುಂದೂಡುವುದು ಅವರ ಇಷ್ಟ, ಆದರೆ ಕಂತು ತಪ್ಪಿದ ಮೇಲೆ ಹೋಗುವುದಕ್ಕಿಂತ ಮೊದಲು ಹೋಗುವುದು ಲೇಸು.

ದೂರು ಕೊಡುವುದಾದರೆ

ಮಾತುಕತೆ ಮುರಿದರೆ ಡೀಲರು ಮತ್ತು ತಯಾರಕ ಕಂಪೆನಿ ಇಬ್ಬರಿಗೂ ನೋಟೀಸು ಕಳಿಸಿರಿ. ರಿಜಿಸ್ಟರ್ಡ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ. ಸ್ಪೀಡ್ ಪೋಸ್ಟಿನಲ್ಲೇ ಕಳಿಸಿ ತಲುಪಿದ ಪುರಾವೆ ಇಟ್ಟುಕೊಳ್ಳಿರಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿ ದಾಖಲಿಸಿದ ದೂರಿಗೆ ಕಂಪೆನಿಗಳು ಉತ್ತರಿಸುವುದುಂಟು, ಖರ್ಚಿಲ್ಲದ ದಾರಿ.

ಅದೂ ಆಗದಿದ್ದರೆ ಉಡುಪಿಯ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ. 1986ರ ಕಾಯಿದೆಯ ಜಾಗದಲ್ಲಿ 2019ರ ಹೊಸ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈಯಿಂದ ಜಾರಿಯಲ್ಲಿದೆ. ವಾಹನವನ್ನು ಮಂಗಳೂರಿನಲ್ಲಿ ಕೊಂಡಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು ಇದರಲ್ಲಿ ಅವಕಾಶವಿದೆ. ವಾಹನಕ್ಕೆ ಕೊಟ್ಟ ಹಣ 5 ಲಕ್ಷ ರೂ. ಒಳಗಿದ್ದರೆ ಶುಲ್ಕವಿಲ್ಲ, 10 ಲಕ್ಷದವರೆಗೆ 200 ರೂ., 20 ಲಕ್ಷದವರೆಗೆ 400 ರೂ. ವಕೀಲರಿಲ್ಲದೆ ನೀವೇ ವಾದಿಸಬಹುದು. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು. "ನೋಡೋಣ, ಮಾಡೋಣ" ಎಂಬ ಪತ್ರಗಳು ಬರುತ್ತಿದ್ದರೂ ಈ ಗಡಿಯಾರ ನಿಲ್ಲುವುದಿಲ್ಲ. ತಯಾರಿಕೆಯ ದೋಷವೆಂದು ಬಾಯಲ್ಲಿ ಹೇಳಿದರೆ ಸಾಲದು, ತಜ್ಞರ ಪರೀಕ್ಷೆಗೆ ಕಳಿಸಬೇಕೆಂದು ಆಯೋಗವನ್ನೇ ಕೇಳಿಕೊಳ್ಳಿರಿ. ಪರೀಕ್ಷೆ ಇಲ್ಲದಿದ್ದರೆ ಮೂರು ತಿಂಗಳು, ಇದ್ದರೆ ಐದು ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕೆಂದು ಕಾಯಿದೆ ಹೇಳುತ್ತದೆ, ನಡೆಯುವಾಗ ಹೆಚ್ಚು ಹಿಡಿಯುತ್ತದೆ.

ಹಳದಿ ಬೋರ್ಡಿನ ವಾಹನದವರಿಗೆ ಎದುರಾಗುವ ಒಂದು ತಕರಾರಿದೆ: "ಇವರು ವ್ಯಾಪಾರಕ್ಕೆ ಕೊಂಡವರು, ಗ್ರಾಹಕರೇ ಅಲ್ಲ." 1995ರ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿದೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ತಾನೇ ನಡೆಸುವ ಆಟೋ, ಕಾರುಗಳನ್ನು ಕೊಂಡವನು ಗ್ರಾಹಕನೇ. ಮನೆಯ ಒಬ್ಬಿಬ್ಬರ ನೆರವು ಪಡೆದರೂ ಅಡ್ಡಿಯಿಲ್ಲ. ಪೂರ್ತಿಯಾಗಿ ಇನ್ನೊಬ್ಬರಿಂದ ಓಡಿಸಿದರೆ ಆ ರಕ್ಷಣೆ ಸಿಗದು. ನೀವೇ ಓಡಿಸುವವರಾದರೆ ದೂರಿನ ಮೊದಲ ಪ್ಯಾರಾದಲ್ಲೇ ಅದನ್ನು ಬರೆದು, ಲೈಸೆನ್ಸಿನ ಮತ್ತು ಜಮೀನಿನ ಪಹಣಿಯ ಪ್ರತಿಗಳನ್ನು ಲಗತ್ತಿಸಿರಿ.

ಎಲ್ಲ ಸುಸೂತ್ರವಾಗಿ ನಡೆದು ಹೊಸ ಎಂಜಿನ್ ಕೂಡಿಸಿಕೊಟ್ಟರೆಂದು ಇಟ್ಟುಕೊಳ್ಳಿ. ಮನೆಗೆ ತರುವ ಮೊದಲು ಬ್ಲಾಕಿನ ಮೇಲಿನ ನಂಬರನ್ನು ಆರ್.ಸಿ.ಯೊಂದಿಗೆ ತಾಳೆ ನೋಡಿರಿ. ಬ್ಲಾಕ್ ಬದಲಾಗಿದ್ದರೆ ನಂಬರೂ ಬದಲಾಗಿರುತ್ತದೆ. ಡೀಲರನಿಂದ ಬಿಲ್ಲು ಮತ್ತು ಪತ್ರ ಪಡೆದು ಆರ್.ಟಿ.ಒ. ಕಚೇರಿಯಲ್ಲಿ ಹೊಸ ನಂಬರನ್ನು ದಾಖಲಿಸಿ, ವಿಮಾ ಕಂಪೆನಿಗೂ ಸಾಲ ಕೊಟ್ಟ ಬ್ಯಾಂಕಿಗೂ ತಿಳಿಸಬೇಕು. ಹೊಸ ಎಂಜಿನಿಗೆ ಬೇರೆ ವಾರಂಟಿ ಇದೆಯೇ, ಹಳೆಯದರ ಉಳಿದ ದಿನಗಳು ಮಾತ್ರವೇ ಎಂದು ಬರೆಯಿಸಿಕೊಳ್ಳಿರಿ. ಅನೇಕ ಕಡೆ ಉಳಿದ ದಿನಗಳಷ್ಟೇ ಸಿಗುತ್ತವೆ. ಮೊದಲ ಸಾವಿರ ಕಿಲೋಮೀಟರು ಹಗುರ ಹೇರಿನಲ್ಲಿ ಓಡಿಸಿರಿ, ಮುರಕಲ್ಲಿನ ಬಾಡಿಗೆಯನ್ನು ಅಷ್ಟು ದಿನ ಬೇರೆಯವರಿಗೆ ಬಿಟ್ಟುಕೊಡಿರಿ.