ಹರಾಜಿನ ಕಟ್ಟೆಯೇರಿದ ಗಣಕಯಂತ್ರಗಳು

ಬಳಕೆ ತೀರಿದೊಡನೆ ಗುಜರಿಯವನ ಪಾಲಾಗುತ್ತಿದ್ದ ಗಣಕಯಂತ್ರವು ವರ್ಣಚಿತ್ರಗಳಿಗೂ ರತ್ನಾಭರಣಗಳಿಗೂ ಮೀಸಲಾಗಿದ್ದ ಹರಾಜಿನ ಕಟ್ಟೆಯನ್ನು ಏರುವಂತಾದುದರ ಹಿಂದೆ, ಅದರ ಗುಣಕ್ಕಿಂತ ಹೆಚ್ಚಾಗಿ ಅದರ ದೌರ್ಲಭ್ಯವೇ ಕೆಲಸಮಾಡಿದೆ. 1976ರಲ್ಲಿ ಸ್ಟೀವ್ ವೋಜ್ನಿಯಾಕ್ ರಚಿಸಿದ, ಪೆಟ್ಟಿಗೆಯಾಗಲಿ ಕೀಲಿಮಣೆಯಾಗಲಿ ಇಲ್ಲದ ಬರಿಯ ವಿದ್ಯುತ್‌ಫಲಕವಾಗಿದ್ದ ಆ್ಯಪಲ್-1 ಯಂತ್ರವು 666 ಡಾಲರ್ 66 ಸೆಂಟಿಗೆ ಮಾರಾಟವಾಗುತ್ತಿದ್ದಿತು. ತಯಾರಾದುವು ಸುಮಾರು 200; ಆ್ಯಪಲ್-2 ಬಂದ ಬಳಿಕ ಹಳೆಯವನ್ನು ಬದಲಿಗೆ ಪಡೆದು ಸಂಸ್ಥೆಯೇ ನಾಶಮಾಡಿದುದರಿಂದ ಉಳಿದವು ಇನ್ನೂ ವಿರಳವಾದುವು. ಇಂತಹ ಒಂದು ಫಲಕಕ್ಕೆ 2010ರಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ 1,33,250 ಪೌಂಡುಗಳೂ, 2014ರಲ್ಲಿ ಬಾನಮ್ಸ್ ಹರಾಜಿನಲ್ಲಿ ಇನ್ನೊಂದಕ್ಕೆ 9,05,000 ಡಾಲರುಗಳೂ ದೊರೆತುವು.

ಆದರೆ ಪಾಲ್ ಅಲೆನ್ ಅವರ ಸಂಗ್ರಹದ ಕಥೆ ಬೇರೆಯೇ. ಮೈಕ್ರೋಸಾಫ್ಟಿನ ಸಹಸ್ಥಾಪಕರಾದ ಅವರು ಸಿಯಾಟಲ್ಲಿನ ಲೇಕ್‌ಸೈಡ್ ಶಾಲೆಯಲ್ಲಿ ಓದುತ್ತಿದ್ದಾಗ, ದೂರದ ಯಂತ್ರಕ್ಕೆ ತಂತಿಯಿಂದ ಜೋಡಿಸಿದ್ದ ಟೆಲಿಟೈಪಿನ ಮುಂದೆ ಬಿಲ್ ಗೇಟ್ಸ್‌ರೊಡನೆ ಕುಳಿತು ಗಣಕವಿದ್ಯೆಯನ್ನು ಕಲಿತವರು. 1975ರಲ್ಲಿ ಆಲ್ಟೇರ್ ಯಂತ್ರಕ್ಕಾಗಿ ಇಬ್ಬರೂ ಬೇಸಿಕ್ ಭಾಷೆಯನ್ನು ಸಿದ್ಧಪಡಿಸಿದುದೂ, ಆಲ್ಟೇರನ್ನು ಕಣ್ಣಿನಿಂದಲೂ ಕಾಣದೆ, ಹಾರ್ವರ್ಡಿನ ಪಿಡಿಪಿ-10 ಯಂತ್ರದಲ್ಲಿ ಅದರ ನಡೆಯನ್ನು ಅನುಕರಿಸಿಯೇ. ಐಶ್ವರ್ಯ ಬಂದ ಮೇಲೆ ಆ ಪೀಳಿಗೆಯ ಯಂತ್ರಗಳನ್ನು ಹುಡುಕಿ ತಂದು, ಗಾಜಿನ ಕಪಾಟಿನಲ್ಲಿ ಶವದಂತೆ ಮಲಗಿಸದೆ, ಕೆಟ್ಟುದನ್ನು ದುರಸ್ತಿಮಾಡಿಸಿ ವಿದ್ಯುತ್ ಹರಿಸಿ, 2012ರಲ್ಲಿ ಸಿಯಾಟಲ್ಲಿನಲ್ಲಿ ಸಾರ್ವಜನಿಕರಿಗೆ ತೆರೆದರು. ನೋಡಲು ಬಂದವರು ಆ ಯಂತ್ರಗಳ ಮುಂದೆ ಕುಳಿತು ಕೀಲಿಯೊತ್ತಬಹುದಾಗಿತ್ತು. ಅದಕ್ಕೆ ‘ಜೀವಂತ ಗಣಕಗಳ’ ವಸ್ತುಸಂಗ್ರಹಾಲಯವೆಂಬ ಹೆಸರು ಒಪ್ಪುವಂತಿದ್ದಿತು.

2018ರಲ್ಲಿ ಅಲೆನ್ ತೀರಿಕೊಂಡರು. 2020ರ ಸಾಂಕ್ರಾಮಿಕದಲ್ಲಿ ಮುಚ್ಚಿದ ಬಾಗಿಲು ಮತ್ತೆ ತೆರೆಯಲಿಲ್ಲ. 2024ರಲ್ಲಿ ಸಂಗ್ರಹದ ಅನೇಕ ವಸ್ತುಗಳು ಕ್ರಿಸ್ಟೀಸಿನ ಸವಾಲಿಗೆ ಬಂದುವು. 1971ರ ಪಿಡಿಪಿ-10 ಮಾದರಿಯೊಂದೂ ಆ ಪಟ್ಟಿಯಲ್ಲಿದ್ದಿತು. ಅಲೆನ್ ಅವರ ಸಂಗ್ರಹದಲ್ಲೇ ಇದ್ದ, ಅಣುಶಕ್ತಿಯ ವಿಷಯವಾಗಿ ಅಧ್ಯಕ್ಷ ರೂಸ್‌ವೆಲ್ಟರಿಗೆ 1939ರಲ್ಲಿ ಬರೆದ, ಐನ್‌ಸ್ಟೈನರ ಸಹಿಯುಳ್ಳ ಪತ್ರವೊಂದು 39 ಲಕ್ಷ ಡಾಲರುಗಳನ್ನು ಮೀರಿತು. ಕಾಗದಕ್ಕೆ ವಿದ್ಯುತ್ತೂ ಬೇಡ, ಎಂಜಿನಿಯರನೂ ಬೇಡ ತಾನೆ!

ಹರಾಜಿನ ಹಣ ಧರ್ಮಕಾರ್ಯಗಳಿಗೆ ಸಲ್ಲುವುದೆಂದು ಅಲೆನ್ ಅವರ ಆಸ್ತಿಯ ನಿರ್ವಾಹಕರು ಪ್ರಕಟಿಸಿದ್ದರಾದ್ದರಿಂದ ಅವರ ಉದ್ದೇಶವನ್ನು ನಿಂದಿಸಲಾಗದು. ಆದರೂ ಬಿಡಿಭಾಗಗಳನ್ನು ಅರಿತ ಕುಶಲಿಗರು ಒಂದೆಡೆ ಕೂಡಿ ನಡೆಯಿಸುತ್ತಿದ್ದ ಯಂತ್ರಗಳನ್ನು ಒಬ್ಬೊಬ್ಬ ಧನಿಕನ ಮನೆಗೆ ಒಂದೊಂದಾಗಿ ಕಳುಹಿಸುವುದಕ್ಕಿಂತ, ಇಡೀ ಸಂಗ್ರಹವನ್ನು ಒಂದು ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ್ದರೆ ಅದೇ ಹೆಚ್ಚಿನ ಧರ್ಮವಾಗುತ್ತಿದ್ದಿತೆಂದು ನನ್ನ ಅಭಿಪ್ರಾಯ.