ಆರಾಧನೆ ಮುಗಿದ ಮೇಲೂ ನಿಂತಿರುವವರು

ಭಾನುವಾರದ ಆರಾಧನೆ ಮುಗಿದು ಜನ ಚದುರಿದ ಮೇಲೂ ಚರ್ಚಿನ ಬಾಗಿಲ ಬಳಿ ಒಬ್ಬರೋ ಇಬ್ಬರೋ ನಿಂತೇ ಇರುತ್ತಾರೆ. ರಾಯಚೂರು, ಮಾನ್ವಿ, ದೇವದುರ್ಗದ ಕಡೆ ಪಾಸ್ಟರುಗಳಿಗೆ ಈ ನಿಲುವು ಹೊಸದಲ್ಲ. ಅವರು ಬೈಬಲ್ ಮಡಚಿ ಹೊರಡುವ ಹೊತ್ತಿಗೆ ತಗ್ಗಿದ ದನಿಯ ಪ್ರಶ್ನೆ ಬರುತ್ತದೆ: “ಅಯ್ಯೋರೆ, ಹುಡುಗ ಮೂರು ದಿನ ಆತು ಮಲಗಿಲ್ರೀ. ಯಾರೋ ಕರೀತಾರ ಅಂತಾನ. ಗಾಳಿ ಏನರ ಬಡದದೇನ್ರಿ?”

ಆ ಹುಡುಗ ಈ ವಾರವೇ ವೈದ್ಯರ ಎದುರು ಕೂರುತ್ತಾನೋ, ಮೂರು ವರ್ಷ ಅಲೆದ ಮೇಲೆ ಕೂರುತ್ತಾನೋ ಎಂಬುದು ಮುಂದಿನ ಐದು ನಿಮಿಷದಲ್ಲಿ ಪಾಸ್ಟರು ಕೊಡುವ ಉತ್ತರದ ಮೇಲೆ ನಿಂತಿದೆ. ಕ್ರೈಸ್ತ ಆಪ್ತಸಮಾಲೋಚನೆ ಎಂಬ ಕಸುಬಿನ ತಿರುಳು ಆ ಐದು ನಿಮಿಷದಲ್ಲೇ ಇದೆ.

ಈ ಸೀಮೆಗೆ ಕ್ರೈಸ್ತರು ಹೊಸಬರಲ್ಲ. ಮುದಗಲ್ಲಿನ ಕಥೋಲಿಕರ ಬೇರು 16ನೇ ಶತಮಾನದಲ್ಲಿ ಗೋವೆಯಿಂದ ಬಂದ ಯೇಸುಸಭೆಯ (ಜೆಸ್ವಿಟ್) ಗುರುಗಳವರೆಗೆ ಹೋಗುತ್ತದೆ. ಮೆಥೋಡಿಸ್ಟರು ನಿಜಾಮರ ಕಾಲದಲ್ಲೇ ನೆಲೆಯೂರಿದವರು. ಮಾನ್ವಿಯಲ್ಲಿ ಯೇಸುಸಭೆಯವರ ಲೊಯೋಲ ಶಾಲೆ ಇದೆ. ಇವುಗಳ ಜೊತೆಗೆ ತಗಡಿನ ಚಾವಣಿಯಡಿ ಸೇರುವ ಸಣ್ಣ ಸಣ್ಣ ಪ್ರಾರ್ಥನಾ ಸಭೆಗಳು. ಮನೋವೈದ್ಯರು ಮಾತ್ರ ಇಷ್ಟು ಹತ್ತಿರ ಇರಲಿಲ್ಲ. 1956ರವರೆಗೆ ರಾಯಚೂರು ಹೈದರಾಬಾದ್ ರಾಜ್ಯದ ಜಿಲ್ಲೆ. ಮನಸ್ಸಿನ ಕಾಯಿಲೆಗೆ ಆಸ್ಪತ್ರೆ ಎಂದರೆ ಹೈದರಾಬಾದಿನ ಎರ್ರಗಡ್ಡ. ತೆಲುಗರಲ್ಲಿ ಆ ಊರಿನ ಹೆಸರು ಇವತ್ತಿಗೂ ಬೈಗುಳವಾಗಿ ಬಳಕೆಯಲ್ಲಿದೆ. ಬೈಗುಳವಾಗಿಹೋದ ಊರಿಗೆ ಮಗನನ್ನು ಕರೆದೊಯ್ಯಲು ಯಾವ ತಾಯಿಗೆ ಮನಸ್ಸು ಬಂದೀತು? ತಾಯತ, ದರ್ಗಾ, ದೇವರ ಕಟ್ಟೆ, ಪ್ರಾರ್ಥನೆ ಎಲ್ಲವೂ ಮುಗಿದ ಮೇಲೆ ಆಸ್ಪತ್ರೆ.

ದಾರಿ ಈಗ ಹತ್ತಿರವಾಗಿದ್ದರೂ ಅಭ್ಯಾಸ ಅಷ್ಟಾಗಿ ಬದಲಾಗಿಲ್ಲ. ನಿಮ್ಹಾನ್ಸ್ ನೇತೃತ್ವದ 2015-16ರ ರಾಷ್ಟ್ರೀಯ ಸಮೀಕ್ಷೆ ಕಂಡುಕೊಂಡಂತೆ, ಕಾಯಿಲೆಗೆ ತಕ್ಕಂತೆ 100ರಲ್ಲಿ 70ರಿಂದ 92 ಮಂದಿಗೆ ಚಿಕಿತ್ಸೆಯೇ ಮುಟ್ಟಿಲ್ಲ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮ ಪಕ್ಕದ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಮಾಡಿ ತೋರಿಸಿದರು. ಊರಿನಲ್ಲಿ ಇದ್ದವರನ್ನೇ ಕೈಹಿಡಿದು ಕಲಿಸುವ ಈ ಜಾಣತನದಲ್ಲಿ ಪಾಸ್ಟರಿಗೂ ಒಂದು ಜಾಗವಿದೆ.

ಕ್ರೈಸ್ತರೊಳಗೇ ಈ ಕಸುಬಿನ ಬಗ್ಗೆ ಒಮ್ಮತವಿಲ್ಲ. ಅಮೆರಿಕದ ಆಂಟನ್ ಬಾಯ್ಸನ್ ಪಾದ್ರಿಯಾಗಿದ್ದವರು. 1920ರಲ್ಲಿ ತಮಗೇ ತೀವ್ರ ಮಾನಸಿಕ ಕಾಯಿಲೆಯಾಗಿ ಆಸ್ಪತ್ರೆ ಸೇರಿದರು. ಗುಣವಾದ ಮೇಲೆ ಮಾನಸಿಕ ಆಸ್ಪತ್ರೆಯೊಂದರ ಪಾದ್ರಿಯಾಗಿ, 1925ರಿಂದ ದೇವಶಾಸ್ತ್ರದ ವಿದ್ಯಾರ್ಥಿಗಳನ್ನು ವಾರ್ಡಿಗೇ ಕರೆತಂದು ಕಲಿಸಿದರು. ಪುಸ್ತಕದಂತೆ ರೋಗಿಯನ್ನೂ ಓದಬೇಕು ಎಂಬುದು ಅವರ ಪಾಠ. ಇನ್ನೊಂದು ದಾರಿ ಜೇ ಆಡಮ್ಸ್ ಅವರದು. ಕಾಯಿಲೆ ದೇಹದಲ್ಲಿ ಇಲ್ಲವೆಂದ ಮೇಲೆ ಮನಸ್ಸಿನ ಬಹುಪಾಲು ತೊಂದರೆಗೆ ಪಾಪವೇ ಮೂಲ, ಬೈಬಲ್ಲಿನ ಬುದ್ಧಿಮಾತೇ ಮದ್ದು ಎಂದು ಅವರು 1970ರಲ್ಲಿ ಬರೆದರು. ಕಷ್ಟದಲ್ಲಿರುವವರನ್ನು ಪಾಸ್ಟರು ಕೈಬಿಡಬಾರದು ಎಂಬ ಅವರ ಹಟ ನನಗೆ ಒಪ್ಪಿಗೆ. ಆದರೆ ಖಿನ್ನತೆಯಲ್ಲಿ ಬಿದ್ದವರು ಮೊದಲೇ ತಮ್ಮನ್ನು ತಾವು ಹಳಿದುಕೊಳ್ಳುತ್ತಿರುತ್ತಾರೆ. ಅವರ ತಲೆಯ ಮೇಲೆ ಪಾಪದ ಇನ್ನೊಂದು ಮೂಟೆ ಹೊರಿಸುವುದು ಕ್ರೌರ್ಯ.

ನಮ್ಮ ದಕ್ಷಿಣದಲ್ಲಿ ಗಟ್ಟಿಯಾಗಿ ಬೆಳೆದದ್ದು ಮೊದಲನೆಯ ದಾರಿ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು (ಸಿಎಂಸಿ) ಬಾಗಾಯಂನಲ್ಲಿ 1957ರಲ್ಲಿ ತೆರೆದ ಮಾನಸಿಕ ಆರೋಗ್ಯ ಕೇಂದ್ರದಲ್ಲಿ ರೋಗಿಯ ಜೊತೆ ಮನೆಯವರೂ ಉಳಿಯುತ್ತಾರೆ. ಕಾಯಿಲೆಯನ್ನು ಅವರೂ ಅರಿತು ಊರಿಗೆ ಮರಳುತ್ತಾರೆ. ಬೆಂಗಳೂರಿನಲ್ಲಿ ಯೇಸುಸಭೆಯ ಫಾದರ್ ಹ್ಯಾಂಕ್ ನನ್ 1979ರಲ್ಲಿ ಆತ್ಮಶಕ್ತಿ ವಿದ್ಯಾಲಯ ಕಟ್ಟಿದರು. ಸ್ಕಿಜೋಫ್ರೇನಿಯಾದಂಥ ಕಾಯಿಲೆಯವರು ಕೂಡಿ ಬಾಳುತ್ತ ಚೇತರಿಸಿಕೊಳ್ಳುವ ಮನೆ ಅದು.

ಕಸುಬು ಬಲ್ಲವರ ಬಳಿ ಹೋದರೆ ಮೊದಲು ಕಾಣುವುದು ಮೌನ. ಅವರು ಉಪದೇಶಕ್ಕೆ ಇಳಿಯುವುದಿಲ್ಲ, ಕೇಳಿಸಿಕೊಳ್ಳುತ್ತಾರೆ. ನಿದ್ದೆ ಎಷ್ಟು, ಊಟ ಎಷ್ಟು, ಕುಡಿತ ಉಂಟೇ, ಭತ್ತ ಕೈಕೊಟ್ಟಿತೇ, ಸಾಲ ಎಷ್ಟಾಯಿತು, ಗುಳೆ ಹೋಗಿ ಬಂದದ್ದು ಯಾವಾಗ? ಬೈಬಲ್ಲಿನ ಪ್ರವಾದಿ ಎಲೀಯನ ಕಥೆ ಇಲ್ಲಿ ನೆನಪಾಗುತ್ತದೆ. ಬಾಳು ಸಾಕೆಂದು ಮರುಭೂಮಿಯ ಗಿಡದಡಿ ಸಾವು ಬೇಡಿ ಮಲಗಿದವನಿಗೆ ದೇವದೂತ ಬೋಧನೆ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ. ಪ್ರಾರ್ಥನೆ ಕೊನೆಗೆ, ಅದೂ ಎದುರಿನವರು ಒಪ್ಪಿದರೆ. ಹೇಳಿಕೊಂಡ ಗುಟ್ಟು ಮುಂದಿನ ವಾರದ ಪ್ರಸಂಗದಲ್ಲಿ ಹೆಸರಿಲ್ಲದೆಯೂ ಇಣುಕಬಾರದು. ಸಣ್ಣ ಊರಿನಲ್ಲಿ ಹೆಸರು ಹೇಳದಿದ್ದರೂ ಎಲ್ಲರಿಗೂ ತಿಳಿದುಹೋಗುತ್ತದೆ.

ಕಿವಿಯಲ್ಲಿ ಮಾತು ಕೇಳಿಸುವುದು, ದಿನಗಟ್ಟಲೆ ನಿದ್ದೆಗೆಡುವುದು, ಬಾಣಂತಿ ಕೂಸನ್ನು ನೋಡಿ ಹೆದರುವುದು, ಸಾಯುವ ಮಾತು: ಇವು ಕಂಡಕೂಡಲೇ ಬಲ್ಲವರು ಆಸ್ಪತ್ರೆಯ ಹಾದಿ ಹಿಡಿಸುತ್ತಾರೆ, ಎಷ್ಟೋ ಸಲ ತಾವೇ ಜೊತೆಗೆ ಹೋಗುತ್ತಾರೆ. ದೆವ್ವ ಬಿಡಿಸುವ ಮಾತಿಗೆ ಬಂದರೆ, ಕಥೋಲಿಕ ಸಭೆಯಲ್ಲಿ ಬಿಷಪ್ಪರ ಸ್ಪಷ್ಟ ಅನುಮತಿಯಿಲ್ಲದೆ ಗುರುಗಳು ಅದಕ್ಕೆ ಕೈಹಾಕುವಂತಿಲ್ಲ. 1999ರಲ್ಲಿ ಪರಿಷ್ಕರಿಸಿದ ವಿಧಿಯಂತೆ, ಕಾಯಿಲೆಯನ್ನು ದೆವ್ವವೆಂದು ತಪ್ಪು ತಿಳಿಯದ ಎಚ್ಚರವೂ ಬೇಕು. ತಗಡಿನ ಚಾವಣಿಯ ಸ್ವತಂತ್ರ ಸಭೆಗಳಿಗೆ ಇಂಥ ಕಟ್ಟುಪಾಡು ಮೇಲಿನಿಂದ ಬರುವುದಿಲ್ಲ. ಒಬ್ಬ ಪಾಸ್ಟರಿನ ವಿವೇಕವೇ ಅಲ್ಲಿ ಕಾನೂನು.

ನನ್ನನ್ನು ಹೆಚ್ಚು ಕಾಡುವುದು ಸಾಕ್ಷಿ ಹೇಳುವ ಸಂಜೆಗಳು. ಮೈಕಿನ ಮುಂದೆ ನಿಂತು ‘ಗುಳಿಗೆ ಬಿಟ್ಟೆ, ಪ್ರಭು ಬಿಡಿಸಿದ’ ಎಂದವನಿಗೆ ಚಪ್ಪಾಳೆ ಬೀಳುತ್ತದೆ. ಸ್ಕಿಜೋಫ್ರೇನಿಯಾ, ಬೈಪೋಲಾರ್‌ನಂಥ ಕಾಯಿಲೆಗಳಲ್ಲಿ ಗುಳಿಗೆ ಬಿಟ್ಟ ಮರುದಿನವೇ ಸಾಮಾನ್ಯವಾಗಿ ಏನೂ ಆಗದು. ವಾರಗಳು, ಕೆಲವೊಮ್ಮೆ ತಿಂಗಳುಗಳು ಕಳೆದು ಮರುಕಳಿಸುತ್ತದೆ. ಆಗ ಅವನು ಚರ್ಚಿಗೂ ಬರುವುದಿಲ್ಲ, ಆಸ್ಪತ್ರೆಗೂ ಹೋಗುವುದಿಲ್ಲ. ತನ್ನ ವಿಶ್ವಾಸವೇ ಸಾಲದಾಯಿತೆಂಬ ನಾಚಿಕೆ ಅವನನ್ನು ಮನೆಯ ಮೂಲೆಗೆ ತಳ್ಳುತ್ತದೆ.

ಮೂಲೆಗೆ ತಳ್ಳುವುದು ಒಂದು ಧರ್ಮದವರ ದೋಷವಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ ದರ್ಗಾದ ಆಸರೆಯಲ್ಲಿ ನಡೆಯುತ್ತಿದ್ದ ಖಾಸಗಿ ಆಶ್ರಯಧಾಮಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಮಂದಿ ಸತ್ತರು. ಗುಜರಾತಿನ ಮೀರಾ ದಾತಾರ್ ದರ್ಗಾದಲ್ಲಿ ಇದರ ತಿರುವುಮುರುವನ್ನು ನೋಡಬಹುದು: ದುವಾ ಮಾಡುವವರೇ ರೋಗಿಯನ್ನು ಆವರಣದ ಮನೋವೈದ್ಯರ ಬಳಿಗೂ ಕಳಿಸುವ ‘ದವಾ–ದುವಾ’ ಏರ್ಪಾಡು. ನಮ್ಮ ಚರ್ಚುಗಳು ಕಲಿಯಬೇಕಾದ್ದು ಅಲ್ಲಿದೆ. 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆಯಂತೆ ರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಲ್ಲಿ ಕಟ್ಟುವಂತಿಲ್ಲ. ಚಿಕಿತ್ಸೆ, ಆರೈಕೆಯ ಹೆಸರಿನಲ್ಲಿ ರೋಗಿಗಳನ್ನು ಇರಿಸಿಕೊಳ್ಳುವ ಮನೆಗೆ ನೋಂದಣಿ ಬೇಕು, ಬಾಗಿಲ ಮೇಲೆ ಶಿಲುಬೆ ಇದ್ದರೂ ಸರಿ.

ಪಾಸ್ಟರುಗಳಿಗೆ, ಸಿಸ್ಟರುಗಳಿಗೆ ಒಂದು ಬಿನ್ನಹ. ಸಭೆಯ ಗೋಡೆಯ ಮೇಲೆ ಮುಂದಿನ ಉಪವಾಸ ಪ್ರಾರ್ಥನೆಯ ತಾರೀಖು ಬರೆಯುವಾಗ ಅದರ ಕೆಳಗೆ ಇನ್ನೆರಡು ಸಾಲು ಬರೆಯಿರಿ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡಿದೆ. ಮಾನ್ವಿಗೆ, ದೇವದುರ್ಗಕ್ಕೆ ಯಾವ ಮಂಗಳವಾರ ಎಂದು ವಿಚಾರಿಸಿ ಬರೆಯಿರಿ. ಉಳಿದ ದಿನಗಳಿಗೆ ರಾಯಚೂರಿನ ರಿಮ್ಸ್ ಆಸ್ಪತ್ರೆ. ನಡುರಾತ್ರಿಯಲ್ಲೂ ಕನ್ನಡದಲ್ಲಿ ಮಾತಾಡುವ ಟೆಲಿ ಮಾನಸ್‌ನ ಸಂಖ್ಯೆ 14416. ಕರೆಗೆ ಹಣವಿಲ್ಲ.