ಕೆಂಡದಡಿ ಬೇಯುವ ರೊಟ್ಟಿ

ಜೋರ್ಡಾನಿನ ಈಶಾನ್ಯ ಭಾಗದಲ್ಲಿ ಕಪ್ಪು ಕಲ್ಲುಗಳ ಮರುಭೂಮಿಯಿದೆ. ಅಲ್ಲಿನ ಶುಬೈಕಾ ಎಂಬಲ್ಲಿ ಹಳೆಯ ಕಲ್ಲಿನ ಒಲೆಗಳನ್ನು ಅಗೆದ ಪುರಾತತ್ತ್ವಜ್ಞರಿಗೆ ಕರಿಕಾದ ರೊಟ್ಟಿಯ ಚೂರುಗಳು ಸಿಕ್ಕವು. ಅವುಗಳ ವಯಸ್ಸು ಸುಮಾರು 14,400 ವರ್ಷವೆಂದು 2018ರಲ್ಲಿ ವರದಿಯಾಯಿತು. ಅಂದರೆ ಬೇಸಾಯ ಶುರುವಾಗುವುದಕ್ಕೆ ಸಾವಿರಾರು ವರ್ಷ ಮೊದಲೇ, ಬೇಟೆಯಾಡಿ ಬದುಕುತ್ತಿದ್ದ ಜನ ಕಾಡುಗೋಧಿಯ ಜೊತೆ ಜೊಂಡಿನ ಗೆಡ್ಡೆಯನ್ನೂ ಅರೆದು ರೊಟ್ಟಿ ಸುಟ್ಟಿದ್ದರು!

ಆ ಸೀಮೆಯ ಬೆದೂಯಿನ್ ಕುರಿಗಾಹಿಗಳು ಈಗಲೂ ಗೋಧಿಹಿಟ್ಟು, ನೀರು, ಉಪ್ಪು ಇಷ್ಟರಲ್ಲೇ ‘ಅರ್ಬೂದ್’ ರೊಟ್ಟಿ ಮಾಡುತ್ತಾರೆ. ಹಂಚೂ ಬೇಡ. ಉರಿ ಇಳಿದ ಮೇಲೆ ಕೆಂಡ ಸರಿಸಿ, ಕಾದ ನೆಲದ ಮೇಲೆ ತಟ್ಟಿದ ಹಿಟ್ಟನ್ನಿಟ್ಟು ಬೂದಿ, ಕೆಂಡ ಮುಚ್ಚುತ್ತಾರೆ. ನಡುವೆ ಒಮ್ಮೆ ಮಗುಚುತ್ತಾರೆ.

ಉರಿಯಲ್ಲೇ ಸುಟ್ಟರೆ ಹೊರಗೆ ಕರಿಕು, ಒಳಗೆ ಹಸಿ. ಹಿಟ್ಟಿನೊಳಕ್ಕೆ ಶಾಖ ಇಳಿಯುವುದೇ ನಿಧಾನ. ಉರಿಗೆ ಆ ತಾಳ್ಮೆಯಿಲ್ಲ. ಕೆಂಡವಾದರೋ ಬಹಳ ಹೊತ್ತು ಒಂದೇ ಸಮನೆ ಶಾಖ ಸೂಸುತ್ತದೆ. ಆದರೂ ಕೆಂಡದ ಬಿಸಿ 600 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು, ರೊಟ್ಟಿಗೆ ಅದು ವಿಪರೀತ. ಇಲ್ಲಿ ರೊಟ್ಟಿಯನ್ನು ಕಾಪಾಡುವುದು ಬೂದಿ. ಅದರ ನವಿರಾದ ಕಣಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ಗಾಳಿಯಲ್ಲಿ ಶಾಖ ಬೇಗ ಹರಿಯದು. ಈ ಅಡುಗೆಯ ನಿಜವಾದ ಜಾಣ್ಮೆ ಬೂದಿಯ ಆ ತೆಳು ಪದರದಲ್ಲಿದೆ ಎಂದೇ ನನ್ನ ನಂಬಿಕೆ.

ಸುಮಾರು 60 ಡಿಗ್ರಿ ದಾಟುತ್ತಿದ್ದಂತೆ ಹಿಟ್ಟಿನ ಪಿಷ್ಟ ನೀರು ಹೀರಿ ಉಬ್ಬುತ್ತದೆ. ನಾದುವಾಗ ಹೆಣೆದುಕೊಂಡ ಗ್ಲುಟೆನ್ ಎಂಬ ಪ್ರೋಟೀನಿನ ಬಲೆ ಆವಿಯನ್ನು ಹಿಡಿದಿಟ್ಟು, ಮುಂದೆ ಗಟ್ಟಿಯಾಗುತ್ತದೆ. ಒಳಗೆ ತೇವ ಇರುವಷ್ಟು ಹೊತ್ತು ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಒಣಗಿದ ಹೊರಮೈ ಮಾತ್ರ 140 ಡಿಗ್ರಿ ಮೀರುತ್ತದೆ. ಅಲ್ಲಿ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಕೂಡಿ ಕಂದುಬಣ್ಣ, ಘಮ ಹುಟ್ಟುತ್ತವೆ. ಫ್ರೆಂಚ್ ವಿಜ್ಞಾನಿ ಲೂಯಿ ಮೈಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಇದು. ಒಣಗಿದ ಆ ಮೈಗೆ ಬೂದಿ ಅಂಟುವುದೂ ಕಡಿಮೆ, ಕೊಡವಿದರೆ ಬಹುಪಾಲು ಉದುರುತ್ತದೆ.

ನಮ್ಮ ಜೋಳದ ಹಿಟ್ಟಿನಲ್ಲಿ ಗ್ಲುಟೆನ್ ಇಲ್ಲ. ಅದಕ್ಕೇ ಉತ್ತರ ಕರ್ನಾಟಕದ ತಾಯಂದಿರು ಕುದಿಯುವ ಎಸರು ಹಾಕಿ ಹಿಟ್ಟು ನಾದುತ್ತಾರೆ. ಪಿಷ್ಟ ಅರೆಬೆಂದು ಜಿಗಿ ಬಂದರಷ್ಟೇ ರೊಟ್ಟಿ ಹರಿಯದೆ ಬಡಿಯಲು ಬರುತ್ತದೆ.

ಬಯಲಲ್ಲಿ ಬೆಂಕಿ ಹಾಕಿ ನೀವೂ ರೊಟ್ಟಿ ಸುಡುವುದಾದರೆ ಒಣಗಿದ, ಶುದ್ಧ ಕಟ್ಟಿಗೆಯನ್ನೇ ಬಳಸಿ. ಬಣ್ಣ ಬಳಿದ ಹಲಗೆ, ಪ್ಲೈವುಡ್ ತುಂಡು ಬೇಡವೇ ಬೇಡ. ಅವುಗಳ ಹೊಗೆ, ಬೂದಿಯಲ್ಲಿ ಸೀಸದಂಥ ವಿಷ ಇರಬಹುದು. ಹೊರಡುವ ಮುನ್ನ ಕೆಂಡಕ್ಕೆ ನೀರು ಸುರಿದು, ಬೂದಿ ಕೆದಕಿ, ಪೂರ್ತಿ ತಣ್ಣಗಾಗಿದೆಯೇ ಎಂದು ನೋಡಿ.